ಕುಪ್ಪಳಿಸುವ ಹೆಣವೂ ಪಕ್ಕದ ಮನೆಯವರೂ

ಹೆದರಿಕೆಗೆ ಡಿಗ್ರಿಯ ಮೇಲೆ ಕಿಂಚಿತ್ತೂ ಗೌರವವಿಲ್ಲ. ಇಂಜಿನಿಯರಿಂಗ್ ಓದಿದವನು ದೆವ್ವಕ್ಕೆ ಹೆದರುವುದಿಲ್ಲ ಎಂದು ಯಾವ ವಿಶ್ವವಿದ್ಯಾಲಯವೂ ಬರೆದು ಕೊಟ್ಟಿಲ್ಲ ಎಂಬುದಷ್ಟೇ ನನ್ನ ಸಮಾಧಾನ.

ಕೊಲ್ಲಿ ನಾಡಿನ ಈ ಅಬು ಹಲೀಫಾ ಎಂಬ ಊರಿನಲ್ಲಿ ನಮ್ಮದು ನಾಲ್ಕನೇ ಮಹಡಿ. ರಜಾದಿನವಾದ ಶುಕ್ರವಾರ ಊಟವಾದ ಮೇಲೆ ಬೇರೆಯವರು ಸಮುದ್ರದ ದಂಡೆಗೆ ಹೋದರೆ ನನ್ನ ಹೆಂಡತಿ ಸುಮಾ ಚೀನೀ ದೆವ್ವದ ಸಿನಿಮಾ ಹಾಕುತ್ತಾಳೆ. ಜೊತೆಗೆ ಕೂತು ಕೂತು ನಾನೂ ಅವುಗಳ ಚರಿತ್ರೆಯಲ್ಲಿ ಪಂಡಿತನಾಗಿದ್ದೇನೆ. ಹಳೆಯ ಹಾಂಗ್‌ಕಾಂಗ್ ಚಿತ್ರಗಳಲ್ಲಿ ಹೆಣಗಳು ಕೈ ಚಾಚಿ ಕುಪ್ಪಳಿಸಿಕೊಂಡು ಬರುತ್ತವೆ. ಅವಕ್ಕೆ ಕಣ್ಣು ಕಾಣದು, ನಮ್ಮ ಉಸಿರಿನಿಂದಲೇ ಪತ್ತೆ ಮಾಡುತ್ತವೆ. ಉಸಿರು ಬಿಗಿಹಿಡಿದರೆ ಬಚಾವ್. ನಡುವೆ ಕುಂಗ್‌ಫೂ, ನಗೆ ಬೇರೆ. ಆಮೇಲಿನ ದೆವ್ವಗಳು ಪಟ್ಟಣ ಸೇರಿ ಕುಪ್ಪಳಿಸುವುದನ್ನು ಬಿಟ್ಟವು. ಫ್ಲಾಟು, ಲಿಫ್ಟುಗಳಲ್ಲಿ ಕೂದಲು ಇಳಿಬಿಟ್ಟು ನಿಂತು, ಗುರುತಿನವರ ಧ್ವನಿಯಲ್ಲಿ ಕರೆಯತೊಡಗಿದವು. ಈಚೆಗೆ ಚೀನಾದೊಳಗೇ ತಯಾರಾಗುವ ಚಿತ್ರಗಳಲ್ಲಂತೂ, ಅಲ್ಲಿನ ಸೆನ್ಸಾರಿಗೆ ದೆವ್ವ ಆಗಿಬರದ್ದರಿಂದ, ಕೊನೆಗೆ ಎಲ್ಲವೂ ಕನಸು, ಇಲ್ಲವೇ ಮನೋರೋಗ. "ಥೂ, ಎರಡು ಗಂಟೆ ಹೆದರಿಸಿ ಕೊನೆಗೆ ಮಾತ್ರೆ ಕೊಟ್ಟು ಕಳಿಸ್ತಾರಲ್ರೀ!" ಎಂದು ಸುಮಾ ರೇಗುತ್ತಾಳೆ. ನನಗೆ ಮಾತ್ರ ಈ ಕಾಲದವೇ ಇಷ್ಟ.

ಮೊನ್ನೆ ಶುಕ್ರವಾರ ಧೂಳುಗಾಳಿ. ಮಧ್ಯಾಹ್ನವೇ ಆಕಾಶವೆಲ್ಲ ಕಿತ್ತಳೆ ಬಣ್ಣ. ಸಿನಿಮಾದ ನಡುವೆ ಎದ್ದು ಕಸದ ಚೀಲ ಹಿಡಿದು ಹೊರಗೆ ಬಂದೆ. ಕಾರಿಡಾರಿನ ಕಿಟಕಿಯನ್ನು ಯಾರೋ ತೆರೆದಿಟ್ಟಿದ್ದರಿಂದ ಒಳಗೆಲ್ಲ ಧೂಳು ತುಂಬಿತ್ತು. ಅದರೊಳಗಿಂದ, ತಲೆಯಿಂದ ಕಾಲಿನವರೆಗೆ ಬೂದಿ ಬಳಿದಂಥ ಆಕೃತಿಯೊಂದು ಕೈ ಎರಡೂ ಚಾಚಿ, ಕಣ್ಣು ಮುಚ್ಚಿ, ದುಡುಂ ದುಡುಂ ಎಂದು ಕುಪ್ಪಳಿಸುತ್ತಾ ಬಂತು.

ಇದು ಭ್ರಮೆ ಎಂದುಕೊಂಡೆ. ಮತ್ತೊಮ್ಮೆ ದುಡುಂ. ಚೀನೀ ಚಿತ್ರರಂಗ ದಶಕಗಟ್ಟಲೆ ಮುಂದೆ ನಡೆದು ಬಂದ ದಾರಿಯನ್ನು ನಾನು ಒಂದೇ ಕ್ಷಣದಲ್ಲಿ ಹಿಂದಕ್ಕೆ ಓಡಿ, ಗೋಡೆಗೆ ಅಂಟಿ ಉಸಿರು ಬಿಗಿಹಿಡಿದೆ.

"ಯಾರರ ಅದೀರೇನ್ರೀ? ಕಣ್ಣಾಗ ಉಸುಕು ಬಿದ್ದೈತಿ, ಮನಿ ಯಾವ ಕಡೆ ಹೇಳ್ರಿ!" ಎಂದಿತು ಆಕೃತಿ.

ಪಕ್ಕದ ಮನೆಯ ಶಿವಾನಂದ ಅವರ ಧ್ವನಿ. ಹುಬ್ಬಳ್ಳಿಯವರು, ಇಲ್ಲಿನ ಸಬ್ಹಾನ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಟೆಕ್ನಿಷಿಯನ್. ಹೋದ ವಾರವಷ್ಟೇ ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಊರುಗೋಲನ್ನು ಟ್ಯಾಕ್ಸಿಯಲ್ಲೇ ಮರೆತು ಬಂದಿದ್ದರೆಂದು ಆಮೇಲೆ ತಿಳಿಯಿತು. ಅವರು ಕುಪ್ಪಳಿಸುತ್ತಿದ್ದದ್ದು ಮನೆಯ ಕಡೆಗಲ್ಲ, ಮೆಟ್ಟಿಲಿನ ಕಡೆಗೆ. ಕೂಗಬೇಕು. ಆದರೆ ದೆವ್ವವೇ ಅವರ ಧ್ವನಿಯಲ್ಲಿ ಕರೆಯುತ್ತಿದ್ದರೆ? ಗೋಡೆಗೆ ಇನ್ನಷ್ಟು ಒತ್ತಿಕೊಂಡೆ.

ಅಷ್ಟರಲ್ಲಿ ಬಾಗಿಲಿಗೆ ಬಂದ ಸುಮಾ ಕಿರುಚಿದಳು: "ರೀ, ಏನ್ ಬೊಂಬೆ ಥರ ನಿಂತಿದೀರಾ? ಬೀಳ್ತಾರೆ, ಹಿಡ್ಕೊಳ್ರೀ!"

ಚೀಲ ಬಿಸಾಡಿ ಹಾರಿದೆ. ಅವರ ಪ್ಲಾಸ್ಟರಿಲ್ಲದ ಕಾಲು ಮೊದಲ ಮೆಟ್ಟಿಲಿನ ಅಂಚಿನಲ್ಲಿತ್ತು. ಸೊಂಟ ಹಿಡಿದು ಎಳೆದೆ. ಇಬ್ಬರೂ ಕಸದ ಮೇಲೆ ಬಿದ್ದೆವು. ಇನ್ನೊಮ್ಮೆ ಕುಪ್ಪಳಿಸಿದ್ದರೆ? ನೆನೆದರೆ ಈಗಲೂ ತುತ್ತು ಹಿಡಿದ ಕೈ ಅರ್ಧದಲ್ಲೇ ನಿಲ್ಲುತ್ತದೆ.

ಶಿವಾನಂದ ಅವರು ಮಾತ್ರ ಕಟ್ಟಡದ ತುಂಬಾ ನನ್ನನ್ನು ಹೊಗಳಿ ಬಂದಿದ್ದಾರೆ. "ಸರ, ನೀವು ಬಾಜೂಕ ಇದ್ರ ನನಗ ಯಾತರ ಅಂಜಿಕಿನೂ ಇಲ್ಲ" ಎನ್ನುತ್ತಾ ದಿನಾ ಸಂಜೆ ಹರಟೆಗೂ ಬರುತ್ತಾರೆ. ಹೊರಗೆ ದುಡುಂ ಎಂದೊಡನೆ ನಾನು ದೇವರ ಪಟವಿರುವ ಒಳಗಿನ ಕೋಣೆ ಸೇರುತ್ತೇನೆ. ಬಾಗಿಲು ತೆಗೆದ ಸುಮಾ, "ದೇವರ ಮುಂದೆ ಕೂತಿದಾರೆ, ಬನ್ನಿ" ಎನ್ನುತ್ತಾಳೆ.

ಅದು ಸುಳ್ಳೇನೂ ಅಲ್ಲ.