ಚಿತ್ರ ಕೃಪೆ ಯಾರದು?

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ನಾನು ಸಂಪಾದಕನಾದ ಮೇಲೆ ತಲೆ ಚಚ್ಚಿಕೊಳ್ಳುವ ಪ್ರಸಂಗಗಳಿಗೆ ಬರವೇ ಇಲ್ಲ. ಈ ವರ್ಷವಂತೂ ಬರೀ ಫೋಟೋಗಳದೇ ಗಲಾಟೆ.

ಕಳೆದ ಸಂಚಿಕೆಗೆ ನೆಟ್ಟಿನಿಂದ ಒಂದು ಜಲಪಾತದ ಚಿತ್ರ ಎತ್ತಿ ಹಾಕಿದ್ದೆವು. ಅದನ್ನು ತೆಗೆದ ಪುಣ್ಯಾತ್ಮ ಖಾರವಾದ ಪತ್ರ ಬರೆದ. ವಾರ್ಷಿಕೋತ್ಸವದಲ್ಲಿ ನಮ್ಮ ಅಧ್ಯಕ್ಷರು ಸನ್ಮಾನದ ಶಾಲು ಹೊದ್ದುಕೊಂಡೇ ಕ್ಷಮಾಪಣೆ ಓದಬೇಕಾಯಿತು. ವೇದಿಕೆ ಇಳಿದವರು ನನಗೆ ಹೇಳಿದ್ದು ಇಷ್ಟೇ: ಇಂಥ ಇನ್ನೊಂದು ಪತ್ರ ಬಂದರೆ ಸಂಚಿಕೆ ಬಂದ್. ಹದಿನಾಲ್ಕು ವರ್ಷ ಸಾಕಿದ ಸಂಚಿಕೆ. ಪ್ರತಿ ಚಿತ್ರದ ಜೊತೆ ತೆಗೆದವರ ಹೆಸರು, ಸಿಕ್ಕ ಜಾಗ, ಅನುಮತಿ ಮೂರೂ ಬೇಕೆಂದು ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ.

ಭಾವನ ಕೃಪೆ

ಐರೋಲಿಯಲ್ಲಿ ಹೋಟೆಲು ನಡೆಸುವ ಉಡುಪಿಯವರೊಬ್ಬರು ನೀರುದೋಸೆಯ ಮೇಲೆ ಲೇಖನ ಕಳಿಸಿದರು. ಫೋಟೋ ಎಲ್ಲಿಯದೆಂದು ಕೇಳಿದರೆ ವಾಟ್ಸಾಪಿನದು ಎಂದರು. ವಾಟ್ಸಾಪಿಗೆ ಯಾರು ಕಳಿಸಿದ್ದು ಎಂದೆ. ಭಾವನಂತೆ. ಭಾವನಿಗೆ ಎಲ್ಲಿಂದ ಬಂತೆಂದು ಕೇಳಿ ಹೇಳಿ ಎಂದು ಬೇಡಿಕೊಂಡೆ.

ಮರುದಿನ ಅವರದೇ ಫೋನು. "ಭಾವನ ಹೆಸರು ಹಾಕುವುದಾದರೆ ಅಕ್ಕನದ್ದೂ ಹಾಕಿ ಮಾರಾಯ್ರೆ. ಅವಳನ್ನು ಬಿಟ್ಟರೆ ನಾನು ಆ ಮನೆಗೆ ಹೋಗುವ ಹಾಗಿಲ್ಲ."

ಕಡೆಗೆ ಅವರದೇ ಅಡುಗೆಮನೆಯಲ್ಲಿ ಬೇರೆ ದೋಸೆ ಹುಯ್ಯಿಸಿ ನಾನೇ ಫೋಟೋ ತೆಗೆದೆ. ಅಕ್ಕ, ಭಾವ ಇಬ್ಬರೂ ಈಗ ನನ್ನ ಮೇಲೆ ಸಿಟ್ಟಾಗಿದ್ದಾರೆ.

ಗುಡಿ ಮತ್ತು ಯಜಮಾನರು

ಕಲ್ಯಾಣದಲ್ಲಿರುವ ಧಾರವಾಡದ ಬಾಯಾರೊಬ್ಬರು ಪ್ರವಾಸ ಕಥನ ಬರೆದು, ಜೊತೆಗೆ ಗುಡಿಯ ಚಂದದ ಚಿತ್ರವನ್ನೂ ಕಳಿಸಿದ್ದರು. ನನ್ನ ಮಗಳು ಕಲಿಸಿದಂತೆ ಅದನ್ನು ಇಮೇಜ್ ಸರ್ಚಿಗೆ ಹಾಕಿದೆ. ಯಾವುದೋ ಪ್ರವಾಸಿ ಕಂಪನಿಯ ಜಾಹೀರಾತಿನ ಚಿತ್ರ ಅದು.

ನೀವೇ ತೆಗೆದದ್ದು ಇಲ್ಲವೇ ಎಂದು ಕೇಳಿದೆ. "ಅದಾವ್ರೀ ಸರ, ನೂರಾ ಎಂಟು ಅದಾವ. ಎಲ್ಲಾದ್ರಾಗೂ ನಮ್ಮ ಮನಿಯವ್ರು ಗುಡಿ ಮುಚ್ಚಿಬಿಟ್ಟಾರ" ಎಂದರು.

ಪರವಾಗಿಲ್ಲ, ಅದರಲ್ಲೇ ಒಂದು ಕೊಡಿ ಎಂದೆ. ಕೊಟ್ಟರು. ಕೆಳಗೆ ವಿವರಣೆಯನ್ನೂ ಬರೆದಿದ್ದರು: "ಮುಂದೆ ಯಜಮಾನರು. ಹಿಂದೆ ಹನ್ನೆರಡನೆಯ ಶತಮಾನದ ಗುಡಿ ಇದೆ, ನಂಬಬೇಕು."

ದಾಸವಾಳ

ಸೀವುಡ್ಸ್‌ನ ನಿವೃತ್ತ ಅಧಿಕಾರಿಯೊಬ್ಬರು ಮಾತ್ರ ನನ್ನ ಸೂಚನೆಯನ್ನು ಅಕ್ಷರಶಃ ಪಾಲಿಸಿದರು. ತಾವೇ ಮೊಬೈಲಿನಲ್ಲಿ ತೆಗೆದ ದಾಸವಾಳದ ಚಿತ್ರಕ್ಕೆ ಹೌಸಿಂಗ್ ಸೊಸೈಟಿಯ ಎನ್‌ಒಸಿ ಲಗತ್ತಿಸಿದ್ದರು, ರಬ್ಬರ್ ಸ್ಟಾಂಪು ಸಮೇತ. ಗಿಡ ಸೊಸೈಟಿಯದಂತೆ.

ಮುಖಪುಟ

ಎಲ್ಲ ಮುಗಿದರೂ ಮುಖಪುಟ ಉಳಿದಿತ್ತು. ಐರೋಲಿ ಸೇತುವೆಯ ಕೆಳಗೆ ಖಾಡಿಯ ಕೆಸರುನೀರಿನ ತುಂಬ ಗುಲಾಬಿ ಫ್ಲೆಮಿಂಗೊ ಹಕ್ಕಿಗಳು ನಿಂತ ಚಿತ್ರವೊಂದು ನೆಟ್ಟಿನಲ್ಲಿ ಸಿಕ್ಕಿತು. ನೋಡಿದ ಕೂಡಲೇ ಮನಸೋತೆ. ಅದೇ ಬೇಕೆಂದು ಅಧ್ಯಕ್ಷರೂ ಹಟ ಹಿಡಿದರು. ಆದರೆ ಒಡೆಯರ ಒಪ್ಪಿಗೆ ಕೈಗೆ ಬರದೆ ಪ್ರೆಸ್ಸಿಗೆ ಹೋಗಕೂಡದು ಎಂದರು. ಪ್ರೆಸ್ಸಿನವರು ಕೊಟ್ಟ ಗಡುವಿಗೆ ಎರಡೇ ದಿನ ಇತ್ತು.

ಹುಡುಕಲು ಕೂತೆ. ಒಂದು ವೆಬ್‌ಸೈಟು ಇನ್ನೊಂದರ ಕಡೆ ಬೆರಳು ತೋರಿಸಿತು, ಅದು ಒಂದು ಬ್ಲಾಗಿನ ಕಡೆ. ಬ್ಲಾಗಿನವನಿಗೆ ಬರೆದೆ. ಅವನು ಪಾಪ ಸಜ್ಜನ. ಯಾವುದೋ ಕನ್ನಡ ಪುಸ್ತಕದ ಪಿಡಿಎಫ್‌ನಿಂದ ತೆಗೆದೆನೆಂದು ಒಪ್ಪಿಕೊಂಡು ಕೊಂಡಿಯನ್ನೂ ಕಳಿಸಿದ. ತೆರೆದರೆ ಒಂಬತ್ತು ವರ್ಷ ಹಿಂದಿನ ನಮ್ಮದೇ ಸಂಚಿಕೆ. ಸಂಪಾದಕ ನಾನೇ. ಚಿತ್ರದ ಕೆಳಗೆ ಒಂದೇ ಪದ: "ಸಂಗ್ರಹ".

ಊರಿಗೆಲ್ಲ ಉಪದೇಶ ಮಾಡಿದವನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಎಲ್ಲಿಂದ ಸಂಗ್ರಹಿಸಿದ್ದೆನೋ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಈ ಸಲ ಸಂಚಿಕೆ ಮುಳುಗಿತು ಎಂದು ತಲೆಯ ಮೇಲೆ ಕೈಹೊತ್ತು ಕೂತಾಗ ಹೆಂಡತಿ ಚಹಾ ತಂದು ಪರದೆ ನೋಡಿದಳು.

"ಇದು ನಾ ತಗದದ್ದು. ಐರೋಲಿಯಿಂದ ಮುಲುಂಡಿಗೆ ಹೊಂಟಾಗ, ಬಸ್ಸಿನ ಕಿಟಕ್ಯಾಗಿಂದ. ಹೆಸರು ಹಾಕ್ರಿ ಅಂದ್ರ, ಮನಿ ಮಂದಿ ಹೆಸರು ಯಾಕ ಅಂದಿದ್ರಿ."

ಎದ್ದು ಕುಣಿಯುವುದೊಂದು ಬಾಕಿ. ಹಾಗಾದರೆ ಒಪ್ಪಿಗೆ ಕೊಡು ಎಂದೆ. ನಿಯಮದ ಪ್ರಕಾರ ಅರ್ಜಿ ಕೊಡಿ ಎಂದಳು. ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಟ್ಟೆ. ಚಹಾ ಮುಗಿಸಿ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕೆಳಗೆ ಬರೆದಳು:

"ಒಪ್ಪಿಗೆ ಇದೆ. ಪೂರ್ತಿ ಹೆಸರು ಹಾಕಬೇಕು. ಸಂಪಾದಕರ ಕ್ಷಮಾಪಣೆ ಮೊದಲ ಪುಟದಲ್ಲಿ ಬರಬೇಕು."