ಮೂಲೆಮನೆಯ ಸೋರೆಬಳ್ಳಿ

ನಮ್ಮ ಅತ್ತೆ ಸತ್ತವರ ಜೊತೆ ಮಾತಾಡುತ್ತಾರೆ ಎಂದು ಭಾತಂಬ್ರಾದ ಜನ ಹೇಳುತ್ತಿದ್ದರು. ಶುದ್ಧ ಸುಳ್ಳು! ಬದುಕಿದ್ದ ನಮಗೇ ಅವರೆದುರು ಬಾಯಿ ತೆರೆಯಲು ಸಂದು ಸಿಗುತ್ತಿರಲಿಲ್ಲ, ಇನ್ನು ಸತ್ತವರಿಗೆ ಎಲ್ಲಿಂದ ಸಿಗಬೇಕು? ಅವರು ಮಾತಾಡುತ್ತಿದ್ದುದು ಸೋರೆಬೀಜಗಳ ಜೊತೆ. ಬೀಜಗಳು ತಿರುಗಿ ಉತ್ತರ ಕೊಡುತ್ತಿದ್ದವೇ ಎಂದು ಮಾತ್ರ ನನ್ನನ್ನು ಕೇಳಬೇಡಿ. ಕೆಲವು ಸಲ ಅತ್ತೆ ಕಿವಿಗೊಟ್ಟು ಕೇಳಿ, ‘ಹೌದೇನು?’ ಎಂದು ತಲೆಯಾಡಿಸಿದ್ದನ್ನು ನಾನೇ ನೋಡಿದ್ದೇನೆ.

ನಾನು ಬೀದರಿನ ಪೇಟೆಯಲ್ಲಿ ಬೆಳೆದವಳು. ಸೋರೆಕಾಯಿ ಎಂದರೆ ಬುಟ್ಟಿ ಹೊತ್ತ ಹೆಂಗಸಿನ ತಲೆಯ ಮೇಲೆ ಹುಟ್ಟುವ ವಸ್ತು ಎಂದೇ ತಿಳಿದಿದ್ದೆ. ಮದುವೆಯಾಗಿ ಬಂದ ಹೊಸದು. ಮೊದಲ ಮಳೆ ಬಿದ್ದ ಮರುದಿನ ಅತ್ತೆ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದರು. ಮನೆತನದ ಬಂಗಾರದ ಸರ ಕೊಡುತ್ತಾರೇನೋ ಎಂದು ಓಡಿ ಹೋದೆ. ಕೈಗೆ ಬಂದದ್ದು ಒದ್ದೆ ಬಟ್ಟೆಯ ಗಂಟು!

“ಬೀಜ ನೀರಾಗ ನೆನದಾವ. ಇನ್ನ ಬೆಚ್ಚಗ ಇರಬೇಕು. ನಂದು ಮುದಿ ಮೈ, ಕಾವಿಲ್ಲ. ನೀ ಸೊಂಟಕ್ಕ ಕಟ್ಕೋ ಯವ್ವಾ.”

“ಒಲಿ ಹತ್ರ ಇಟ್ರ ಆಗಲ್ಲೇನ್ರಿ ಅತ್ತಿ?”

“ಒಲಿಗಿ ಕರುಣಿ ಅದ ಏನು? ಬೇಯಿಸಿ ಬಿಡ್ತದ.”

ಹೀಗೆ ನಾನು ಗಂಟು ಕಟ್ಟಿಕೊಂಡೇ ನೀರು ತಂದೆ, ಕಸ ಗುಡಿಸಿದೆ, ಮಲಗಿದೆ. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಸೊಂಟದ ಹತ್ತಿರ ಏನೋ ಮೆಲ್ಲಗೆ ಮಿಸುಕಿತು. ನಿಜವಾಗಿ ಮಿಸುಕಿತು! ನಾನು ಕಿಟಾರನೆ ಕಿರುಚಿದೆ: “ಅತ್ತೀ! ಹೊಟ್ಟಿ ಹತ್ರ ಏನೋ ಅಲಗಾಡ್ಲತ್ತದ!”

ಗೋಡೆಯಾಚೆಯ ಅಜ್ಜಿಗೆ ಇಷ್ಟು ಸಾಲದೇ? ಹೊಲದಿಂದ ನನ್ನ ಗಂಡ ಮನೆ ಸೇರುವುದರೊಳಗೆ ಅರ್ಧ ಊರು ಸಕ್ಕರೆ ತಿಂದಾಗಿತ್ತು! ಅತ್ತೆ ಮಾತ್ರ ಗಂಟು ಬಿಚ್ಚಿ ಬೆಳಕಿಗೆ ಹಿಡಿದರು. ಸಿಪ್ಪೆ ಬಿರಿದು, ಒಂದೊಂದು ಬೀಜದ ಚೂಪು ತುದಿಯಿಂದಲೂ ಬಿಳಿಯ ಮೊಳಕೆ ಇಣುಕುತ್ತಿತ್ತು, ಮಣ್ಣೊಳಗಿಂದ ಹೊರಬರಲು ನೋಡುವ ಬೆರಳಿನ ಹಾಗೆ. “ಎಲ್ಲಾ ಹುಟ್ಯಾವ” ಎಂದರು ಅತ್ತೆ, ಉಸಿರು ತಗ್ಗಿಸಿ. “ಈ ಸಲ ಒಂದೂ ಸತ್ತಿಲ್ಲ.”

ನಮ್ಮ ಹಿತ್ತಲು ವಿಶಾಲವಾಗಿತ್ತು. ಅಲ್ಲೇ ಊರಬಹುದಿತ್ತು. ಅತ್ತೆ ಗುದ್ದಲಿ ಹೆಗಲಿಗೇರಿಸಿ ನನ್ನನ್ನು ಕರೆದುಕೊಂಡು ಹೋದದ್ದು ಮುಚ್ಚಿದ ಓಣಿಗೆ.

ನಾನು ಬರುವ ಮುಂಚೆ ಊರಿಗೆ ಪ್ಲೇಗು ಬಂದಿತ್ತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಬೇನೆ ಇಳಿದ ಮೇಲೆ ಎಲ್ಲರೂ ಹಿಂತಿರುಗಿದರು, ಆ ಓಣಿಯವರನ್ನು ಬಿಟ್ಟು. ಅವರ ಬಾಗಿಲುಗಳಿಗೆ ಹಾಕಿದ ಕೀಲಿ ಹಾಗೆಯೇ ತುಕ್ಕು ಹಿಡಿದಿತ್ತು. ನಾಯಿಗಳೂ ಓಣಿಯ ಬಾಯಿಗೆ ಬಂದು ಮೂಸಿ ತಿರುಗಿಬಿಡುತ್ತಿದ್ದವು. ಮೂಲೆಮನೆಯ ಗೋಡೆಗೆ ತಟ್ಟಿದ ಸಗಣಿಯ ಕುಳ್ಳುಗಳು ಇನ್ನೂ ಅಂಟಿಕೊಂಡಿದ್ದವು. ಅವುಗಳ ಮೇಲೆ ಐದೂ ಬೆರಳಿನ ಗುರುತು ಸ್ಪಷ್ಟವಾಗಿತ್ತು. ತಟ್ಟಿದ ಕೈ ಇರಲಿಲ್ಲ.

ಅತ್ತೆ ಆ ಮನೆಯ ಅಂಗಳದಲ್ಲೇ ಗುಂಡಿ ತೋಡಿ, ಹಳೆಯ ಗೊಬ್ಬರ, ಬೂದಿ, ಮಣ್ಣು ಕಲಸಿದರು. ಮೊಳಕೆ ಕೆಳಗಾಗುವಂತೆ ಬೀಜ ಇಟ್ಟು, ಎಳೆಗೂಸಿಗೆ ಹೊದಿಸುವಂತೆ ಮಣ್ಣು ಮುಚ್ಚಿದರು. ಆಮೇಲೆ ನೆಲಕ್ಕೆ ಬಾಯಿಟ್ಟು, “ಹೊರಗ ಬಾ. ಹೆದರಬ್ಯಾಡ. ನಾ ಇಲ್ಲೇ ಇದ್ದೀನಿ” ಎಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಅತ್ತಿ, ಆ ಮನ್ಯಾವ್ರು ಏನರ ಅಂದ್ರ?”

“ಇಲ್ಲೀತನಕ ಯಾರೂ ತಕರಾರ ಮಾಡಿಲ್ಲ” ಎಂದರು ಅತ್ತೆ, ಕೈ ಕೊಡವಿಕೊಳ್ಳುತ್ತ.

ಆ ಬಳ್ಳಿ ಬೆಳೆದ ಪರಿಯನ್ನು ಏನು ಹೇಳಲಿ! ಸಂಜೆ ಕಟ್ಟೆಯ ಮೇಲಿದ್ದ ಕುಡಿ ಮುಂಜಾನೆ ಬಾಗಿಲ ಮೇಲಿರುತ್ತಿತ್ತು. ಕೀಲಿಗೆ ಸುತ್ತು ಹಾಕಿತು. ಕುಳ್ಳಿನ ಮೇಲಿನ ಬೆರಳಗುರುತುಗಳನ್ನು ತಡವುತ್ತ ಮಾಳಿಗೆ ಏರಿತು. ಹೊತ್ತು ಮುಳುಗುವಾಗ ಕತ್ತಲ ಓಣಿಯಲ್ಲಿ ಬಿಳಿಯ ಹೂಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಹೂ ಉದುರುತ್ತಿದ್ದವೇ ಹೊರತು ಕಾಯಿ ಕಟ್ಟಲಿಲ್ಲ.

“ಪತಂಗ ಬರಬೇಕು, ಅಂದ್ರ ಕಾಯಿ. ದೀಪ ಹಚ್ಚದ ಓಣಿಗಿ ಅವಾದ್ರ ಯಾಕ ಬರ್ತಾವ? ನಾನೇ ಲಗ್ನ ಮಾಡಸ್ತೀನಿ” ಎಂದು ಅತ್ತೆ ಬಿಳಿ ಸೀರೆಯ ಕಚ್ಚೆ ಬಿಗಿದು ಮಾಳಿಗೆ ಏರಿದರು. ಗಂಡು ಹೂವನ್ನು ಕಿತ್ತು, ಬುಡದಲ್ಲಿ ಪುಟ್ಟ ಹೀಚು ಹೊತ್ತ ಹೆಣ್ಣು ಹೂವಿಗೆ ಅದರ ಪುಡಿ ಸವರುವುದು. ಇದೇ ಲಗ್ನ. ದಿನಾ ಮುಸ್ಸಂಜೆ ಇದೇ ಕೆಲಸ.

ಒಂದು ಮುಸ್ಸಂಜೆ ಭಾಲ್ಕಿಯಿಂದ ನಿಜಾಮ ಸರ್ಕಾರದ ಕಂದಾಯ ನೋಡುವ ಗಿರದಾವರ ಸಾಹೇಬರು ಕುದುರೆಯೇರಿ ಬಂದವರು, ದಾರಿ ಹತ್ತಿರವೆಂದು ಆ ಓಣಿ ಹಿಡಿದರು. ಮಾಳಿಗೆಯ ಮೇಲೆ ಬಿಳಿ ಹೂಗಳ ನಡುವಿನಿಂದ ಬಿಳಿ ಆಕೃತಿಯೊಂದು ಎದ್ದು, ಕೈ ಚಾಚಿ, “ಬಾ, ಇವತ್ತ ನಿನ್ನ ಲಗ್ನ ಮಾಡೇ ಬಿಡ್ತೀನಿ!” ಎಂದಿತು. ಕುದುರೆ ಮೊದಲು ಓಡಿತೋ ಸಾಹೇಬರೋ ಎಂಬ ಬಗ್ಗೆ ಊರಿನಲ್ಲಿ ಇಂದಿಗೂ ಎರಡು ಪಕ್ಷಗಳಿವೆ. ಒಂದು ಬೂಟು ನಮ್ಮ ಕಡೆ ಉಳಿಯಿತು.

“ಪಾಪ! ಅವರಿಗಿ ಆಗ್ಲೇ ಲಗ್ನ ಆಗಿರಬೇಕು” ಎಂದರು ಅತ್ತೆ.

ಇಲ್ಲಿಯವರೆಗೆ ನಗು. ಇದಾದ ಸ್ವಲ್ಪ ದಿನಕ್ಕೆ ಮೂಲೆಮನೆಯೊಳಗಿಂದ ಸದ್ದು ಶುರುವಾಯಿತು.

ಟಕ್. ಸ್ವಲ್ಪ ಹೊತ್ತು ಮೌನ. ಮತ್ತೆ ಟಕ್. ಯಾರೋ ಒಳಗಿನಿಂದ ಬಾಗಿಲು ತಟ್ಟಿ, ಕಾದು, ಮತ್ತೆ ತಟ್ಟಿದ ಹಾಗೆ. ನಾನೂ ಅತ್ತೆಯೂ ಅಂಗಳದಲ್ಲಿ ನಿಂತು ಕೇಳಿದೆವು. ಕೀಲಿ ಹೊರಗೇ ಇತ್ತು, ಬಳ್ಳಿಯ ಸುತ್ತೂ ಕದಲಿರಲಿಲ್ಲ. ಅತ್ತೆ ಬಾಗಿಲಿಗೆ ಅಂಗೈ ಒತ್ತಿ ನಿಂತರು. ಅವರು ಏನೂ ಹೇಳದಿದ್ದುದಕ್ಕೇ ನನಗೆ ಸದ್ದಿಗಿಂತ ಹೆಚ್ಚು ಭಯವಾಯಿತು.

ಸುದ್ದಿ ಔರಾದ ಕಡೆಯ ಎಕಂಬಾದವರೆಗೂ ಹೋಯಿತು. ಮೂಲೆಮನೆಯ ಮಗಳನ್ನು ಆ ಊರಿಗೆ ಕೊಟ್ಟಿದ್ದರು. ಬೇನೆಯ ಕಾಲದಲ್ಲಿ ಆಕೆಯನ್ನು ತವರಿಗೆ ಬರಗೊಟ್ಟಿರಲಿಲ್ಲ. ತಾಯಿಯ ಮುಖವನ್ನೂ ನೋಡಿರಲಿಲ್ಲ. ಒಂದು ಇಳಿಹೊತ್ತು ಆಕೆಯ ಎತ್ತಿನ ಗಾಡಿ ನಮ್ಮ ಮನೆ ಮುಂದೆ ನಿಂತಿತು.

“ನಮ್ಮವ್ವ ಬಾಗಲಾ ಬಡೀಲತ್ತಾಳಂತ. ಖರೇ ಏನ್ರಿ?”

“ಸದ್ದು ಖರೇ ಅದ ಯವ್ವಾ” ಎಂದರು ಅತ್ತೆ. “ಯಾರು ಅಂತ ನಾ ಹೇಳಲಾರೆ. ನಿನಗ ಹೆದರಿಕಿ ಇಲ್ಲೇನು?”

“ಅದ ರೀ. ಆದ್ರ ಅವ್ವ ಕರದ್ರ ಬರದ ಹ್ಯಾಂಗ ಇರ್ಲಿ?”

ಮೂವರೂ ಹೋದೆವು. ಅತ್ತೆ ಬಳ್ಳಿಯ ಕುಡಿಗಳನ್ನು ನೋವಾಗದಂತೆ ಬಿಡಿಸಿ ಕಲ್ಲಿನಿಂದ ಕೀಲಿ ಒಡೆದರು. ಬಾಗಿಲು ನರಳುತ್ತ ಸರಿಯಿತು. ತಣ್ಣನೆಯ ಬೂದಿಯ ವಾಸನೆ ಮುಖಕ್ಕೆ ಬಡಿಯಿತು. ಒಳಗಿನ ಕತ್ತಲಲ್ಲಿ, ಆಳೆತ್ತರದಲ್ಲಿ, ಮಸುಕು ಬಣ್ಣದ ತಲೆಯೊಂದು ನಮ್ಮ ಕಡೆ ತೂಗಿ ಬಂತು.

ನಾನು ಅತ್ತೆಯ ಬೆನ್ನಿಗೆ ಅಂಟಿಕೊಂಡೆ. ಆಕೆ ಮಾತ್ರ ಹೊಸಿಲು ದಾಟಿ ಎರಡೂ ಕೈ ಚಾಚಿ, “ಅವ್ವಾ” ಎಂದಳು.

ಕೈಗೆ ಸಿಕ್ಕದ್ದು ತಣ್ಣಗಿನ, ನವಿರು ರೋಮದ ಸೋರೆಕಾಯಿ. ಮಾಳಿಗೆಯ ಮೇಲೆ ಕಟ್ಟಿದ ಹೀಚು ಭಾರವಾದಂತೆ ಬೆಳಕಿಂಡಿಯೊಳಗೆ ಇಳಿದು, ಬೆಳೆದು, ಗಾಳಿ ಬಂದಾಗಲೆಲ್ಲ ಬಾಗಿಲಿಗೆ ತಾಗುತ್ತಿತ್ತು. ನಾನು ಭಯ ಬಿಟ್ಟ ಖುಷಿಗೆ ನಕ್ಕೇಬಿಟ್ಟೆ. ಆಕೆ ನಗಲಿಲ್ಲ.

“ಸೋರಿಕಾಯಿ ಅದ ರೀ” ಎಂದಳು, ಸಣ್ಣ ದನಿಯಲ್ಲಿ. “ಬರೇ ಸೋರಿಕಾಯಿ.”

“ಬರೇ ಅನಬ್ಯಾಡ” ಎಂದರು ಅತ್ತೆ. “ಇದು ನಿಮ್ಮವ್ವನ ಬೀಜ. ಗುಡಿಸಲಾಗ ಆಕಿಗಿ ನೀರ ಕುಡಿಸಲಿಕ್ಕಿ ಹೋಗಿದ್ದೆ. ಸೆರಗಿನ ಗಂಟ ಬಿಚ್ಚಿ ಕೊಟ್ಟಳು. ‘ನಮ್ಮ ಅಂಗಳದಾಗೇ ಹಾಕು, ಮಗಳು ಬಂದ್ರ ಬರೇಗೈಲಿ ಹೋಗಬಾರ್ದು’ ಅಂದಳು. ಹೋದ ವರ್ಷ ಹಾಕಿದ್ದೆಲ್ಲ ಕೊಳತು ಹೋಯ್ತು. ಉಳದದ್ದ ಇಷ್ಟೇ ಇತ್ತು.”

ಆಗ ಆಕೆ ಅತ್ತಳು. ಕಾಯಿಯನ್ನು ಎದೆಗೊತ್ತಿಕೊಂಡು, ಅದು ಇನ್ನೂ ಬಳ್ಳಿಯಲ್ಲಿರುವಾಗಲೇ, ಬಹಳ ಹೊತ್ತು ಅತ್ತಳು.

ಹೊರಡುವಾಗ ಆಕೆ ಸೆರಗು ಒಡ್ಡಿ ಉಡಿ ತುಂಬಿಸಿಕೊಳ್ಳಲು ನಿಂತಳು. ಅತ್ತೆ ಗಡಬಡಿಸಿ ನನ್ನನ್ನು ಮುಂದೆ ತಳ್ಳಿದರು. “ನೀ ತುಂಬು. ನಾ ಮುಟ್ಟಬಾರ್ದು.” ಗಂಡನಿಲ್ಲದವಳ ಕೈಯಿಂದ ಉಡಿ ತುಂಬಿಸುವುದು ನಮ್ಮಲ್ಲಿ ಇರಲಿಲ್ಲ. ಪ್ಲೇಗಿನ ಗುಡಿಸಲಿಗೆ ಹೊಕ್ಕ ಹೆಂಗಸು ಒಂದು ಹಿಡಿ ಅಕ್ಕಿಗೆ ಹೆದರಿ ಹಿಂದೆ ಸರಿದಿದ್ದರು!

ಆಕೆ ನನ್ನ ಕಡೆ ತಿರುಗಲೇ ಇಲ್ಲ. “ನಮ್ಮವ್ವ ನಂಬಿ ಕೊಟ್ಟಿದ್ದು ನಿಮ್ಮ ಕೈಯಾಗ್ರಿ. ನೀವೇ ತುಂಬ್ರಿ.”

ಅತ್ತೆ ಅಕ್ಕಿ, ಬೆಲ್ಲ ಹಾಕಿದರು. ಅದರ ಮೇಲೆ ಕಾಯಿ ಇಟ್ಟರು. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಆಕೆ ಬಗ್ಗಿ ಅದನ್ನೂ ಒಂದೊಂದು ಕಾಳು ಬಿಡದೆ ಆರಿಸಿಕೊಂಡಳು.

ಗಾಡಿ ಔರಾದ ದಾರಿ ಹಿಡಿದು ಮರೆಯಾಗುವ ತನಕ ಅತ್ತೆ ನಿಂತೇ ಇದ್ದರು. ಆಮೇಲೆ ಮೂಗೊರೆಸಿಕೊಂಡು ನನ್ನನ್ನು ಕೇಳಿದರು:

“ಬರೂ ಪಂಚಮಿಗಿ ಇಕಿನ್ನ ತವರಿಗಿ ಕರ್ಕೊಂಡ ಬರ್ಲಿಕ್ಕಿ ಯಾರನ್ನ ಕಳಸೂಣು?”