ಫ್ಲ್ಯಾಶ್ ಒಲ್ಲದ ಭಾವ

ನಮ್ಮ ಭಾವ ಮನೆಯೊಳಗೆ ಫೋಟೋ ತೆಗೆಯಲು ನಿಂತರೆಂದರೆ, ಅಲ್ಲಿದ್ದವರೆಲ್ಲ ಅಷ್ಟು ಹೊತ್ತು ಉಸಿರಾಡುವುದನ್ನು ಬಿಡಲೇಬೇಕು. ಉತ್ಪ್ರೇಕ್ಷೆ ಅಂದುಕೊಂಡಿರಾ? ಅಕ್ಕನ ಗಂಡನಾದ ಇವರು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ಟರು. ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಕೊಂಡ ದಿನದಿಂದ ನೆಂಟರಿಷ್ಟರೆಲ್ಲ ಇವರಿಗೆ ಎಂಟನೇ ಕ್ಲಾಸಿನ ಮಕ್ಕಳೇ!

"ಅಲ್ಲಾಡಬೇಡ್ರೀ! ಉಸಿರು ಹಿಡೀರಿ! ಹಾಂ... ಬಿಡಿ!"

ಫ್ಲ್ಯಾಶ್ ಹಾಕಿದ್ದರೆ ಈ ಕವಾಯತು ಬೇಕಿತ್ತೇ? ಆದರೆ ಭಾವ ಫ್ಲ್ಯಾಶಿನ ಗುಂಡಿ ಹುಡುಕಿದ್ದೇ ಅದನ್ನು ಆರಿಸಿಡುವುದಕ್ಕೆ. ಕಾರಣ ನಮ್ಮ ಅಮ್ಮ. ಫ್ಲ್ಯಾಶ್ ಮಿಂಚಿತೋ, ಅಮ್ಮನ ಕಣ್ಣು ಮುಚ್ಚಿತು. ಅವಳ ಮದುವೆಯಿಂದ ಹಿಡಿದು ಅಕ್ಕನ ಮದುವೆಯವರೆಗೆ ಒಂದೇ ಒಂದು ಫೋಟೋದಲ್ಲೂ ಅವಳು ಕಣ್ಣು ಬಿಟ್ಟಿಲ್ಲ. "ನಿಮ್ಮಮ್ಮ ಎಲ್ಲಾ ಮದುವೇಲೂ ನಿದ್ದೆ ಮಾಡ್ತಿದ್ರಾ?" ಎಂದು ಆಲ್ಬಮ್ ನೋಡಿದವರು ಕೇಳುತ್ತಿದ್ದರು. ಅಮ್ಮ ನಗುತ್ತಿದ್ದಳು. ಕಡೆಕಡೆಗೆ ಆಲ್ಬಮ್ ತೆಗೆಯುವುದನ್ನೇ ಬಿಟ್ಟಳು. ಅದು ಭಾವನ ಮನಸ್ಸಿಗೆ ತಾಗಿತು.

"ಅತ್ತೆ, ನೀವು ಕಣ್ಣು ಬಿಟ್ಟಿರೋ ಫೋಟೋ ತೆಗೀದೇ ಹೋದ್ರೆ ಈ ಕ್ಯಾಮೆರಾನ ಭದ್ರಾ ಹೊಳೆಗೆ ಎಸೀತೀನಿ!"

"ಎಸೆಯೋವಾಗ ನೀವೂ ಸ್ವಲ್ಪ ಉಸಿರು ಹಿಡೀರಿ," ಎಂದಳು ಅಕ್ಕ.

ಫ್ಲ್ಯಾಶಿಲ್ಲದೆ ಮನೆಯೊಳಗೆ ಫೋಟೋ ತೆಗೆಯುವಾಗ ಕೈ ಕೂದಲೆಳೆಯಷ್ಟು ನಡುಗಿದರೂ ಮುಖವೆಲ್ಲ ಕಲಸಿಹೋಗುತ್ತದೆ. ಭಾವ ಅದಕ್ಕೂ ಉಪಾಯ ಕಂಡುಕೊಂಡಿದ್ದರು. ಬಟ್ಟೆಚೀಲವೊಂದಕ್ಕೆ ಸೇರಕ್ಕಿ ತುಂಬಿ, ಬಾಯಿ ಹೊಲಿಸಿ, ಹೋದಲ್ಲೆಲ್ಲ ಹೊತ್ತೊಯ್ಯುತ್ತಿದ್ದರು. ಟಿವಿಯ ಮೇಲೋ ಕುರ್ಚಿಯ ಮೇಲೋ ಅದನ್ನಿಟ್ಟು, ಅದರ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿ, ಟೈಮರ್ ಹಾಕಿ ಕೈ ತೆಗೆಯುತ್ತಿದ್ದರು. "ಜೂಮ್ ಎಳೀಬಾರ್ದು ಮಾರಾಯ, ಬೆಳಕು ಕಮ್ಮಿಯಾಗುತ್ತೆ. ನಾವೇ ಹತ್ರ ಹೋಗ್ಬೇಕು," ಎಂದು ನನಗೆ ಪಾಠ ಬೇರೆ. ಫೋಟೋಗಳು ಬಲು ಚೆನ್ನಾಗಿಯೇ ಬರುತ್ತಿದ್ದವು. ಆದರೆ "ಉಸಿರು ಹಿಡೀರಿ" ಎಂದ ಕೂಡಲೇ ಅಮ್ಮ ಉಸಿರಿನ ಜೊತೆ ಕಣ್ಣನ್ನೂ ಬಿಗಿಹಿಡಿಯುತ್ತಿದ್ದಳು!

ಕುಂಸಿಯಲ್ಲಿ ಚಿಕ್ಕಮ್ಮನ ಮಗಳ ಸೀಮಂತ. ಭಾವ ಅಕ್ಕಿಚೀಲವನ್ನು ಹಣ್ಣಿನ ತಟ್ಟೆಗಳ ಪಕ್ಕದಲ್ಲಿಟ್ಟು, ಬೆಳಕಿರುವ ಕಿಟಕಿ ಹುಡುಕಲು ಹೋದರು. ವಾಪಸು ಬಂದು ನೋಡಿದರೆ ಚೀಲ ಬಸುರಿಯ ಮಡಿಲಲ್ಲಿ! ಹೆಂಗಸರು ಅದಕ್ಕೆ ಎಲೆ, ಅಡಿಕೆ, ಕೊಬ್ಬರಿ ಬಟ್ಟಲು ಸೇರಿಸಿ, ಮಡಿಲು ತುಂಬಿ, ಆರತಿ ಎತ್ತುತ್ತಿದ್ದರು.

"ಭದ್ರಾವತಿಯವ್ರು ಮಡಿಲಕ್ಕಿಗೆ ಚೀಲಾನೂ ಹೊಲಿಸ್ಕೊಂಡು ಬಂದಿದಾರೆ, ಎಷ್ಟು ಅಚ್ಚುಕಟ್ಟು!" ಎಂದು ಚಿಕ್ಕಮ್ಮ ಹೊಗಳಿದ್ದೇ ಹೊಗಳಿದ್ದು.

ಮಡಿಲಕ್ಕಿಯನ್ನು ವಾಪಸು ಕೇಳುವ ಗಂಡಸು ಇನ್ನೂ ಹುಟ್ಟಿಲ್ಲ ಬಿಡಿ. ಭಾವ ಗೋಡೆಗೊರಗಿ, ಮೊಣಕೈಗಳನ್ನು ಪಕ್ಕೆಗೊತ್ತಿ, ಆರ್ಡರ್ ಕೊಡುವುದನ್ನೂ ಮರೆತು, ಆರತಿ ನೋಡುತ್ತಿದ್ದ ಅಮ್ಮನ ಫೋಟೋ ತೆಗೆದರು. "ಕಣ್ಣು ಬಿಟ್ಟಿದಾರೆ!" ಎಂದು ಕುಣಿದರು. ನಿಜ, ಬಿಟ್ಟಿದ್ದಳು. ಆದರೆ ಭಾವನ ಕೈ ಅಲುಗಿ ನಾಲ್ಕು ಕಣ್ಣು ಮೂಡಿದ್ದವು!

ಆದರೂ ಭಾವ ಹಿಗ್ಗಿದ್ದರು. ತಪ್ಪು ಅಮ್ಮನದಲ್ಲ, ತಮ್ಮ ಬಾಯಿಯದು ಎಂದು ಆವತ್ತು ಅವರಿಗೆ ಗೊತ್ತಾಯಿತು.

ಮುಂದಿನ ಭಾನುವಾರವೇ ಶಿವಮೊಗ್ಗಕ್ಕೆ, ನಮ್ಮ ಮನೆಗೆ ಬಂದರು. ಅಮ್ಮ ಕಿಟಕಿಯ ಬಳಿ ಕೂತು ಅವರೆಕಾಯಿ ಸುಲಿಯುತ್ತಾ ಅಕ್ಕನ ಜೊತೆ ಹರಟುತ್ತಿದ್ದಳು. ಭಾವ ಎದುರಿನ ಸ್ಟೂಲಿನ ಮೇಲೆ ಹೊಸ ಚೀಲವಿಟ್ಟು, ಕ್ಯಾಮೆರಾ ಕೂರಿಸಿ, ಬಾಯಿ ಬಿಗಿದು ಕೂತರು. ಇಡೀ ಮೈದಾನಕ್ಕೆ ಕೇಳುವಂತೆ ಕೂಗುವ ಮನುಷ್ಯ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅತ್ತೆ, ನೋಡಿ," ಎಂದು ಕೊನೆಗೆ ಕ್ಯಾಮೆರಾ ಮುಂದೆ ಹಿಡಿದರು. ಅಕ್ಕನ ಯಾವುದೋ ಮಾತಿಗೆ ಕತ್ತೆತ್ತಿ ನಗುತ್ತಿದ್ದ ಅಮ್ಮ. ಕಣ್ಣು ಪೂರ್ತಿ ತೆರೆದಿತ್ತು. ರೆಪ್ಪೆ ರೆಪ್ಪೆಯೂ ಸ್ಪಷ್ಟ.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ನೋಡುತ್ತಲೇ ಇದ್ದಳು.

"ಅಳಿಯಂದ್ರೇ, ಇದು ನಾನಲ್ಲ. ನಮ್ಮವ್ವ."

ಅಮ್ಮ ಸಣ್ಣವಳಿದ್ದಾಗಲೇ ತೀರಿಕೊಂಡ ನಮ್ಮ ಅಜ್ಜಿಯದು ಒಂದು ಫೋಟೋ ಕೂಡ ಇರಲಿಲ್ಲ.

"ಮುಖಾನೇ ಮರ್ತುಹೋಗಿತ್ತು ಕಣ್ರೀ. ಕನ್ನಡೀಲಿ ನಾನು ವಿಭೂತಿ ಸರಿಯಾಗಿದ್ಯಾ ಅಂತ ಬಿಟ್ರೆ ಇನ್ನೇನು ನೋಡ್ಕೊಂಡಿದೀನಿ? ನಕ್ಕಾಗ ಅವ್ವ ಹೀಗೇ ನೋಡೋಳು."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು:

"ಇದನ್ನ ದೊಡ್ಡದು ಮಾಡಿಸಿ ಹಾಲ್ ಗೋಡೇಗೆ ಹಾಕಿ. ಅವ್ವ ಈ ಮನೇನ ನೋಡೇ ಇಲ್ಲ."